‘ಹೋಗ್ತೀನಿ’ ಅಂದರೆ ಏನರ್ಥ, ಮೇಷ್ಟ್ರೇ?

ಹೋದ ಗುರುವಾರ ನಮ್ಮ ಶಾಲೆಯ ಬಾವಿಗೆ ಪಾತಾಳಗರಡಿಯ ಕೊಕ್ಕೆ ಇಳಿಸಿ ಹೆಣ ಹುಡುಕಿದರು.

ಸಿಕ್ಕಿದ್ದು ಎರಡು ಕೊಡಪಾನ, ಒಂದು ತಾಮ್ರದ ಚೊಂಬು, ಮತ್ತು ಶಾಲೆಯ ಹಳೆಯ ಗಂಟೆ. ಆ ಗಂಟೆ ಕಳೆದುಹೋಗಿ ಬಹಳ ದಿನವಾಗಿತ್ತು. ಕದ್ದವರು ಪಕ್ಕದ ಊರಿನವರೇ ಎಂದು ಆಗ ನಾವೆಲ್ಲ ಒಮ್ಮತದಿಂದ ತೀರ್ಮಾನಿಸಿದ್ದೆವು. (ಅವರೊಡನೆ ವಾಲಿಬಾಲ್ ಮ್ಯಾಚು ಆಡುವುದನ್ನೂ ಬಿಟ್ಟಿದ್ದೆವು.)

ಹೆಣ ಮಾತ್ರ ಸಿಗಲಿಲ್ಲ. ಬಾವಿಕಟ್ಟೆಯ ಸುತ್ತ ನಿಂತವರ ಮುಖ ನೋಡಿದೆ. ‘ಸದ್ಯ, ಇಲ್ಲಿಲ್ಲವಲ್ಲ’ ಎಂಬ ಸಮಾಧಾನ ಯಾರ ಮುಖದಲ್ಲೂ ಇರಲಿಲ್ಲ. ಇದ್ದದ್ದು ನಿರಾಸೆ. ಸುಳ್ಳೇಕೆ ಹೇಳಲಿ, ನನ್ನ ಮುಖದಲ್ಲೂ ಅದೇ ಇದ್ದಿರಬೇಕು. ಏಕೆಂದರೆ ಬಾವಿಗೆ ಇಳಿಸಿ ನೋಡಿ ಎನ್ನುವಷ್ಟರ ಮಟ್ಟಿಗೆ ಊರನ್ನು ತಂದು ನಿಲ್ಲಿಸಿದ್ದು ನನ್ನದೇ ಒಂದು ಮಾತು. ಅದನ್ನು ಹೇಳಿಕೊಳ್ಳುವುದಕ್ಕೇ ಈ ವಾರ ಪೆನ್ನು ಹಿಡಿದಿದ್ದೇನೆ.

ಹುಡುಕುತ್ತಿದ್ದದ್ದು ಯಾರನ್ನು? ಚೌಡಮ್ಮನನ್ನು.

ನಮ್ಮೂರು ಆನಂದಪುರದಿಂದ ಎರಡು ಮೈಲಿ ಒಳಗೆ. ನಾನು ಅಲ್ಲಿ ಶಾಲೆಯ ಮೇಷ್ಟ್ರು, ಶಾಲೆಯ ಜಗಲಿಯಲ್ಲೇ ಇರುವ ಪೋಸ್ಟಾಫೀಸಿಗೂ ನಾನೇ ಮಾಸ್ತರು ಎಂಬುದು ಈ ಅಂಕಣ ಓದುವ ನಿಮಗೆ ಹಳೆಯ ಸುದ್ದಿ. ಶಾಲೆಗೆ ಅಂಟಿಕೊಂಡೇ ನಮ್ಮ ಮನೆ, ಚೌಡಮ್ಮನದು ಎದುರಿಗೇ. ಅರವತ್ತರ ಹತ್ತಿರದ ಗಟ್ಟಿ ಹೆಂಗಸು. ಗಂಡ ತೀರಿಹೋಗಿ ಬಹಳ ಕಾಲವಾಯಿತು. ಮನೆಯಲ್ಲಿ ಮಗ ಮಂಜಪ್ಪ, ಸೊಸೆ ಸರೋಜ, ಎರಡು ಎಮ್ಮೆ.

ಶರಾವತಿಗೆ ಕಟ್ಟೆ ಕಟ್ಟಿ ನೀರು ನಿಂತಾಗ ಸಾಗರದ ಆಚೆಗಿದ್ದ ಅವರ ಊರು ನೀರಿನಡಿಗೆ ಹೋಯಿತು. ಪಾತ್ರೆ, ಪೆಟ್ಟಿಗೆ ಲಾರಿಗೆ ಹೇರಿಕೊಂಡು ತಾಯಿ ಮಗ ಇಲ್ಲಿಗೆ ಬಂದರು. ಬಂದು ಮೂರು ವರ್ಷವಾದರೂ ಊರಿನ ಬಾಯಲ್ಲಿ ಅವರು ‘ಮುಳುಗಡೆಯವರು’. ಚೌಡಮ್ಮ ‘ಮುಳುಗಡೆ ಅಮ್ಮ’. ಪೋಸ್ಟ್ ಕಾರ್ಡಿನ ಮೇಲೂ ಜನ ಹಾಗೇ ವಿಳಾಸ ಬರೆಯುತ್ತಾರೆ, ನಾನೂ ಹಾಗೇ ತಲುಪಿಸುತ್ತೇನೆ.

ಸರೋಜ ನಿಟ್ಟೂರಿನ ಹುಡುಗಿ. ಮದುವೆಯಾಗಿ ಬಂದು ಒಂದು ವರ್ಷ. ಗಂಡನ ಆ ಹಳೇ ಊರನ್ನು ಕಣ್ಣಿಂದ ಕಂಡವಳಲ್ಲ.

ಸೋಮವಾರ ಬೆಳಗ್ಗೆ ಚೌಡಮ್ಮ ಮನೆಯಿಂದ ಹೊರಟರು. ಸಂಜೆಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಮಂಜಪ್ಪ ನೆಂಟರ ಮನೆಗಳಿಗೆಲ್ಲ ಓಡಾಡಿ ಬಂದ. ಬುಧವಾರ ಪೊಲೀಸ್ ದಫೇದಾರರನ್ನು ಕರೆತಂದ.

ದಫೇದಾರರು ಕುಳಿತದ್ದು ನಮ್ಮ ಶಾಲೆಯ ಜಗಲಿಯ ಬೆಂಚಿನ ಮೇಲೆ. (ರಜೆಯ ಕಾಲ, ಬೆಂಚು ಖಾಲಿ ಇತ್ತು.) ಊರೆಲ್ಲ ಅಂಗಳದಲ್ಲಿ ಜಮಾಯಿಸಿತು. ಸರೋಜ ಸೆರಗು ಹೊದ್ದು ಕಂಬದ ಪಕ್ಕ ನಿಂತಳು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಒಂದನ್ನೂ ಮುಚ್ಚಿಡಲಿಲ್ಲ.

‘ಭಾನುವಾರ ದೋಸೆ ಹಿಟ್ಟು ರುಬ್ಬಿದ್ದೆ. ಅತ್ತೆ, ಎಂತ ಮಾರಾಯ್ತಿ ಇದು, ತರಿತರಿ ಅಂದ್ರು. ಹಳೇ ಮನೆ ಒರಳಲ್ಲಿ ರುಬ್ಬಿದ್ರೆ ಬೆಣ್ಣೆ ಬೆಣ್ಣೆ ಬರ್ತಿತ್ತು ಅಂದ್ರು. ದಿನಾ ಅದೇ ಮಾತು. ನಂಗೂ ಸಿಟ್ಟು ಬಂತು. ಅಷ್ಟಿದ್ರೆ ಆ ಒರಳನ್ನೇ ತಗೊಂಡ್ಬನ್ನಿ ಅಂದ್ಬಿಟ್ಟೆ.’

‘ಆಮೇಲೆ?’

‘ಆಮೇಲೆ ಎಂತದೂ ಇಲ್ಲ. ಊಟ ಮಾಡಿ ಮಲಗಿದ್ರು. ಬೆಳಗ್ಗೆ ನಾನು ಕೊಟ್ಟಿಗೇಲಿ ಹಾಲು ಕರೀತಿದ್ದೆ. ಬಾಗಿಲ ಹತ್ರ ಬಂದು, ನಾನು ಹೋಗ್ತೀನಿ ಅಂದ್ರು. ಹೂಂ ಅಂದೆ. ಅಷ್ಟೇ.’

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಅಂಕಣವೇ ಇರುತ್ತಿರಲಿಲ್ಲ. ಆದರೆ ಇಪ್ಪತ್ತು ವರ್ಷ ಪಾಠ ಹೇಳಿದ ನಾಲಿಗೆ, ಸುಮ್ಮನಿರುತ್ತದೆಯೇ?

‘ಹೋಗ್ತೀನಿ ಅಂದ್ರಾ? ಬರ್ತೀನಿ ಅನ್ಲಿಲ್ವಾ?’ ಎಂದೆ.

‘ಇಲ್ಲ. ಹೋಗ್ತೀನಿ ಅಂತಲೇ ಅಂದ್ರು.’

ನಾನು ದಫೇದಾರರ ಕಡೆ ತಿರುಗಿದೆ. ನಾಲ್ಕನೇ ಕ್ಲಾಸಿಗೆ ಗಾದೆ ವಿವರಿಸುವ ಧಾಟಿಯಲ್ಲಿ ಶುರುಮಾಡಿದೆ: ನೋಡಿ ಸ್ವಾಮಿ, ನಮ್ಮಲ್ಲಿ ಮನೆ ಬಿಟ್ಟು ಹೊರಡುವವರು ‘ಹೋಗ್ತೀನಿ’ ಎನ್ನುವುದಿಲ್ಲ. ಅದು ಅಶುಭ. ಹಾಲಿಗೆ ಹೋಗುವವರೂ ‘ಬರ್ತೀನಿ’, ಕಾಶಿಗೆ ಹೋಗುವವರೂ ‘ಬರ್ತೀನಿ’. ಹಳೇ ಕಾಲದ ಹೆಂಗಸು, ಈ ವಾಡಿಕೆ ತಪ್ಪುವವರಲ್ಲ. ಅಂಥವರ ಬಾಯಲ್ಲಿ ‘ಹೋಗ್ತೀನಿ’ ಬಂದಿದೆ ಎಂದಮೇಲೆ...

ಎಂದಮೇಲೆ ಏನು ಅಂತ ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಅಂಗಳದಲ್ಲಿ ‘ಅಯ್ಯೋ ದೇವ್ರೇ’ ಎಂಬ ಉದ್ಗಾರ ಎದ್ದಿತು. ದಫೇದಾರರು ತಲೆದೂಗಿ ‘ಪಾಯಿಂಟು’ ಅಂದರು. ಬರೆದುಕೊಂಡರು, ಅದೂ ನನ್ನದೇ ಪೆನ್ನಿನಲ್ಲಿ. ನನಗೆ ಒಳಗೊಳಗೇ ಖುಷಿಯಾಯಿತು ಎಂದರೆ ನೀವು ಛೀ ಅನ್ನಬಹುದು. ಅನ್ನಿ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನನ್ನ ಮಾತು ಹೋದದ್ದು ನೇರವಾಗಿ ಹೋಟೆಲಿಗೆ.

ಬುಧವಾರ ಸಂಜೆ ಕಾಫಿ ಕುಡಿಯಲು ಹೋದಾಗ ‘ಹೋಗ್ತೀನಿ’ ಎನ್ನುವುದು ‘ಹೋಗೇಬಿಡ್ತೀನಿ’ ಆಗಿತ್ತು. ಗುರುವಾರ ಬೆಳಗ್ಗೆ ‘ಹೊಳೆಗೋ ಬಾವಿಗೋ ಹೋಗ್ತೀನಿ’. ಶುಕ್ರವಾರದ ಹೊತ್ತಿಗೆ ‘ನಿನ್ನ ಕಾಟಕ್ಕೆ ಹೊಳೆಗೋ ಬಾವಿಗೋ ಬಿದ್ದು ಹೋಗ್ತೀನಿ ಕಣೇ’. ದಿನಕ್ಕೊಂದು ವಿಭಕ್ತಿ ಪ್ರತ್ಯಯ ಸೇರುತ್ತಾ ಹೋಯಿತು. ನನ್ನ ವಿದ್ಯಾರ್ಥಿಗಳು ವರ್ಷಕ್ಕೆ ಒಂದನ್ನೂ ಇಷ್ಟು ಚೆನ್ನಾಗಿ ಕಲಿತದ್ದಿಲ್ಲ.

ಕೇಳಿದವರು ಹೆಚ್ಚಿದಂತೆ ಕಂಡವರೂ ಹೆಚ್ಚಿದರು. ಒಬ್ಬರು ಚೌಡಮ್ಮ ತೀರ್ಥಹಳ್ಳಿಯ ಸೇತುವೆಯ ಮೇಲೆ ಒಂಟಿಯಾಗಿ ನಿಂತದ್ದನ್ನು ಕಂಡರಂತೆ. ಇನ್ನೊಬ್ಬರ ಭಾವನ ಪರಿಚಯದವರೊಬ್ಬರು ಅದೇ ದಿನ, ಅದೇ ಹೊತ್ತಿಗೆ, ಹುಲಿಕಲ್ ಘಾಟಿಯಲ್ಲಿ ಕಂಡರಂತೆ. ಎರಡೂ ಕಡೆ ಒಂದೇ ಹೊತ್ತಿಗೆ ಹೇಗೆ ಎಂದು ಕೇಳಿದೆ. ‘ನಿಮ್ಗೆ ಎಲ್ಲದಕ್ಕೂ ಲೆಕ್ಕ ಬೇಕು ಮೇಷ್ಟ್ರೇ’ ಎಂದು ಬೈಸಿಕೊಂಡೆ.

ಶುಕ್ರವಾರ ಬೆಳಗ್ಗೆ ಅಂಜನ ಹಾಕುವವನನ್ನೂ ಕರೆಸಿದರು. ಆತ ವೀಳ್ಯದೆಲೆಗೆ ಕಪ್ಪು ಬಳಿದು ಬಹಳ ಹೊತ್ತು ದಿಟ್ಟಿಸಿದ. ‘ನೀರು ಕಾಣ್ತದೆ... ಕಲ್ಲು ಕಾಣ್ತದೆ’ ಎಂದ. ಮಲೆನಾಡಿನಲ್ಲಿ ನೀರೂ ಕಲ್ಲೂ ಕಾಣದ ಜಾಗ ಯಾವುದಿದೆ ಸ್ವಾಮಿ? ಆದರೆ ನಮ್ಮ ಜನ ಅದನ್ನು ಬಿಡಿಸಿ ಓದಿದರು. ಕಲ್ಲು ಕಟ್ಟಿ ನೀರಿಗೆ ದೂಡಿದ್ದಾರೆ! ಯಾರು ದೂಡಿದ್ದು? ಮನೆಯಲ್ಲಿ ಇನ್ಯಾರಿದ್ದರು? ಅಲ್ಲಿಗೆ ಬಿದ್ದವರನ್ನು ಬಿಟ್ಟು ಊರು ದೂಡಿದವರನ್ನು ಹುಡುಕತೊಡಗಿತು.

ಇದೆಲ್ಲ ಕೇಳಿ ನೀವು ನಗುತ್ತಿರಬಹುದು. ಎದುರುಮನೆಯಲ್ಲಿ ನಗುವವರು ಯಾರೂ ಇರಲಿಲ್ಲ.

ಸರೋಜ ಬಾವಿಗೆ ಬಂದರೆ ಉಳಿದ ಹೆಂಗಸರು ಕೊಡ ಎತ್ತಿಕೊಂಡು ಹೊರಡುವರು. ಹೋಟೆಲಿನವರು ಆ ಮನೆಯ ಹಾಲು ಬೇಡವೆಂದರು. ಕೈಹಿಡಿದ ಮಂಜಪ್ಪ ಕೂಡ ಹೊರಗಿನ ಜಗಲಿಯಲ್ಲಿ ಮುಖ ತಿರುಗಿಸಿ ಕೂರುತ್ತಿದ್ದ. ಅವನಿಗೆ ತಾಯಿಯ ಸಂಕಟ. ಆದರೆ ಅವಳಿಗೆ ಯಾರಿದ್ದರು? ಗುರುವಾರವೇ ನಿಟ್ಟೂರಿನಿಂದ ಅವಳ ಅಣ್ಣ ಬಂದಿಳಿದಿದ್ದ. ಆತ ಗಲಾಟೆಯ ಮನುಷ್ಯನಲ್ಲ. ಅಂಜನದ ಮಾತು ಕಿವಿಗೆ ಬಿದ್ದ ಮೇಲೆ ನಮ್ಮ ಜಗಲಿಯಲ್ಲೇ ನಿಂತು ನಾಲ್ಕು ಜನರ ಎದುರಿಗೆ ಹೇಳಿದ:

‘ಭಾನುವಾರದವರೆಗೆ ನೋಡ್ತೀನಿ. ಅಷ್ಟರೊಳಗೆ ಅಮ್ಮ ಬರದಿದ್ರೆ ತಂಗಿನ ಕರ್ಕೊಂಡು ಹೋಗ್ತೀನಿ. ಕೊಲೆಗಾತಿ ಅಂದೋರ ಊರಿಗೆ ಮತ್ತೆ ಕಳ್ಸೋದಿಲ್ಲ.’

ಶುಕ್ರವಾರ ಮಧ್ಯಾಹ್ನ ನಾನು ಟಪಾಲು ವಿಂಗಡಿಸುತ್ತಿದ್ದೆ. ಸರೋಜ ಬಂದು ಕಿಟಕಿಯ ಹೊರಗೆ ನಿಂತಳು. ಕಾರ್ಡು ಬೇಕಾ ಎಂದೆ. ಬೇಡ ಎಂದು ತಲೆಯಾಡಿಸಿದಳು.

‘ಮೇಷ್ಟ್ರೇ, ಹೋಗ್ತೀನಿ ಅಂದ್ರೆ ಸಾಯ್ತೀನಿ ಅಂತಲೇ ಅರ್ಥನಾ?’

‘ಹಾಗೇನಿಲ್ಲಮ್ಮ. ವಾಡಿಕೆ ಹೇಳ್ದೆ, ಅಷ್ಟೆ.’

‘ನಾನು ಸುಳ್ಳು ಹೇಳ್ಬಹುದಿತ್ತು. ಬರ್ತೀನಿ ಅಂದ್ರು ಅಂತ ಹೇಳಿದ್ರೆ ಯಾರಿಗೆ ಗೊತ್ತಾಗ್ತಿತ್ತು? ಕೇಳಿದ್ದು ಕೇಳಿದ ಹಾಗೆ ಹೇಳ್ದೆ. ಅದೇ ತಪ್ಪಾಯ್ತಾ?’

ನಾನು ಒಂದು ಲಕೋಟೆಗೆ ಎರಡು ಸಲ ಮುದ್ರೆ ಒತ್ತಿದೆ. ಅವಳು ಹೊರಟುಹೋದಳು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ನಮ್ಮನೆಯಾಕೆ ಅಂದಳು: ‘ಊರಿಗೆಲ್ಲ ಅರ್ಥ ಹೇಳಿದ್ರಲ್ಲ, ಆ ಹುಡುಗಿಗೂ ಒಂದು ಅರ್ಥ ಹೇಳಿ ಕಳಿಸ್ಬೇಕಿತ್ತು.’ ಅಂದು ರಾತ್ರಿ ಸಾರು ಬಿಸಿ ಮಾಡಲಿಲ್ಲ. ನಾನೂ ಕೇಳಲಿಲ್ಲ.

ಶನಿವಾರ ಪರೀಕ್ಷೆಯ ಫಲಿತಾಂಶದ ಪಟ್ಟಿ ಒಪ್ಪಿಸಲು ನಾನು ಸಾಗರಕ್ಕೆ ಹೊರಟೆ. ಅದೇ ಬಸ್ಸಿನಲ್ಲಿ ಮಂಜಪ್ಪ ಇದ್ದ. ಅಲ್ಲಿನ ಆಸ್ಪತ್ರೆಯಲ್ಲಿ ಒಮ್ಮೆ ವಿಚಾರಿಸುತ್ತಾನಂತೆ. ಪಕ್ಕದಲ್ಲಿ ಕುಳಿತೆ.

ಕಂಡಕ್ಟರು ಟಿಕೆಟ್ ಹರಿಯುತ್ತಾ ಬಂದ. ಮಂಜಪ್ಪನ ಮುಖ ನೋಡಿ ಲೋಕಾಭಿರಾಮವಾಗಿ ಕೇಳಿದ: ‘ಎಂತ ಮಂಜಪ್ಪಣ್ಣ, ಅಮ್ಮನ ಕೆಲ್ಸ ಮುಗೀತಾ?’

‘ಯಾವ ಕೆಲ್ಸ?’

‘ನಂಗೇನು ಗೊತ್ತು ಮಾರಾಯ? ಸೋಮವಾರ ಹಾರೆ ಹಿಡ್ಕೊಂಡು ಹತ್ತಿದ್ರು. ಸಾಗರದಲ್ಲಿ ಇಳಿದು ಮುಳುಗಡೆ ಕಡೆ ಹೋಗೋ ಬಸ್ಸು ಯಾವ್ದು ಅಂತ ಕೇಳಿದ್ರು. ನಾನೇ ಹತ್ತಿಸಿ ಕಳ್ಸಿದೆ.’

ಮಂಜಪ್ಪ ಎದ್ದು ನಿಂತುಬಿಟ್ಟ. ನಾನು ಕಂಡಕ್ಟರನ ಮೇಲೆ ಹರಿಹಾಯ್ದೆ. ಆರು ದಿನದಿಂದ ಊರಿಗೆ ಊರೇ ಹುಡುಕುತ್ತಿದೆ, ನೀನೇಕೆ ಬಾಯಿ ಬಿಡಲಿಲ್ಲ?

‘ನನ್ನ ಯಾರು ಕೇಳಿದ್ರು? ಬಸ್ಸಲ್ಲಿ ಎಲ್ರೂ ಮಾತಾಡ್ತಿದ್ರು, ಯಾರೋ ಅತ್ತೆ ಬಾವಿಗೆ ಬಿದ್ದು ಸತ್ಲು ಅಂತ. ಅದು ಬೇರೆ ಯಾರೋ ಅಂದ್ಕೊಂಡೆ. ಇವ್ರು ಬಾವಿಗೆ ಬಿದ್ದಿಲ್ವಲ್ಲ ಸಾರ್, ಬಸ್ಸು ಹತ್ತಿದ್ದಾರೆ!’

ಏನು ಹೇಳುತ್ತೀರಿ? ನಮ್ಮೂರಿಗೆ ಇರುವುದು ಒಂದೇ ಬಸ್ಸು. ಅದರಲ್ಲಿ ಇಡೀ ಊರು ಆರು ದಿನ ಓಡಾಡಿದೆ. ಬಾವಿಯನ್ನು ಕೇಳಿದರು, ಎಲೆಯನ್ನು ಕೇಳಿದರು, ಕಂಡಕ್ಟರನ್ನು ಕೇಳಲಿಲ್ಲ. ಗೊತ್ತಿಲ್ಲದವರು ತಾನೇ ಕೇಳುವುದು? ನಮಗೆಲ್ಲ ಆಗಲೇ ಗೊತ್ತಿತ್ತು.

ಫಲಿತಾಂಶದ ಪಟ್ಟಿ ಚೀಲದಲ್ಲೇ ಉಳಿಯಿತು. ಸಾಗರದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದೆವು. ಅದು ಹೋಗುವಷ್ಟು ದೂರ ಹೋಗಿ, ಮುಂದೆ ಬಿಸಿಲಲ್ಲಿ ಒಂದು ಗಂಟೆ ನಡೆದೆವು. ‘ಅಲ್ಲಿ ನೀರು ಬಿಟ್ರೆ ಎಂತ ಇದೆ ಮೇಷ್ಟ್ರೇ? ಅವ್ವ ಅಲ್ಲಿಗೆ ಎಂತಕ್ಕೆ ಹೋಗ್ತಾಳೆ?’ ಎಂದು ಮಂಜಪ್ಪ ದಾರಿಯುದ್ದಕ್ಕೂ ಕೇಳುತ್ತಿದ್ದ. ಅವನ ಮನಸ್ಸು ಎಲ್ಲಿ ಓಡುತ್ತಿದೆ ಎಂದು ನನಗೆ ಗೊತ್ತಾಗುತ್ತಿತ್ತು. ನನ್ನದೂ ಅಲ್ಲೇ ಓಡುತ್ತಿತ್ತು. ನೀರಿಗೆ ಬೀಳುವವರು ಹಾರೆ ಒಯ್ಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ನಡೆದೆ.

ಗುಡ್ಡದ ನೆತ್ತಿ ಹತ್ತಿ ಕೆಳಗೆ ನೋಡಿದರೆ, ನೀರು ಎಲ್ಲೋ ದೂರಕ್ಕೆ ಸರಿದಿತ್ತು. ಬೇಸಿಗೆಗೆ ಇಳಿದ ನೀರು ಒಂದಿಡೀ ಊರಿನ ನೆಲವನ್ನು ಬಿಟ್ಟುಕೊಟ್ಟಿತ್ತು. ಬಿರುಕು ಬಿಟ್ಟ ಕೆಸರು, ಕರಿ ಮರದ ಬೊಡ್ಡೆಗಳು, ಸಾಲಾಗಿ ಮನೆಗಳ ಪಂಚಾಂಗ, ಬರಿಯ ಅಡಿಪಾಯದ ಕಲ್ಲು. ಗೋಡೆ ಒಂದೂ ಇಲ್ಲ. ಅಂಥ ಒಂದು ಪಂಚಾಂಗದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಚೌಡಮ್ಮ ನೆಲ ಅಗೆಯುತ್ತಿದ್ದರು!

‘ಅವ್ವಾ!’ ಎಂದು ಮಂಜಪ್ಪ ಓಡಿದ. ಚೌಡಮ್ಮ ತಲೆ ಎತ್ತಿದರು.

‘ಬಂದ್ಯಾ? ಒಳ್ಳೇದಾಯ್ತು. ಹಾರೆ ಹಿಡಿ. ಒಂದು ಮಗ್ಗುಲು ಸಡಿಲ ಆಗಿದೆ, ಇನ್ನೊಂದು ಜಪ್ಪಯ್ಯ ಅನ್ನೋದಿಲ್ಲ.’

ಅವರ ಕಾಲ ಬಳಿ, ಅಡಿಗೆಮನೆಯಾಗಿದ್ದ ಜಾಗದಲ್ಲಿ, ನೆಲಕ್ಕೆ ಹುಗಿದ ಒರಳುಕಲ್ಲು, ಪಕ್ಕದಲ್ಲಿ ಅದರ ಗುಂಡು. ಲಾರಿಯವನು ಜಾಗವಿಲ್ಲ ಎಂದದ್ದಕ್ಕೆ ಅಂದು ಬಿಟ್ಟುಬಂದದ್ದು. ಮಂಜಪ್ಪ ಹಾರೆ ಹಿಡಿಯಲಿಲ್ಲ, ಕೆಸರಿನ ಮೇಲೆ ಕುಸಿದು ಕುಳಿತು ಅತ್ತ. ನನಗೂ ಕಣ್ಣು ತುಂಬಿ ಬಂತು, ಕನ್ನಡಕ ಒರೆಸುವ ನೆಪ ಮಾಡಿದೆ.

‘ಊರೆಲ್ಲ ನಿನ್ನ ಹೆಣ ಹುಡುಕ್ತಾ ಇದೆ ಅವ್ವ.’

‘ನನ್ನ ಹೆಣನಾ? ಎಂತಕ್ಕೆ?’

ಒಂದೊಂದಾಗಿ ಹೇಳಿದೆವು. ನೀರು ಇಳಿದು ಹಳೇ ಅಂಗಳ ಕಾಣುತ್ತಿದೆ ಎಂದು ಅವರಿಗೆ ಸಂತೆಯಲ್ಲಿ ಯಾರೋ ಹೇಳಿದ್ದರಂತೆ. ಸೊಸೆ ಒರಳು ತನ್ನಿ ಎಂದಳು, ಸರಿ ಅನ್ನಿಸಿತು, ಬಂದರು. ಒಂದು ದಿನದ ಕೆಲಸ ಎಂದುಕೊಂಡದ್ದು ಒರಳಿನ ಹಟದಿಂದ ಉದ್ದವಾಯಿತು. ಗುಡ್ಡದ ಮೇಲೆ ಉಳಿದುಕೊಂಡ ಹಳೇ ನೆರೆಮನೆಯವರಲ್ಲಿ ಊಟ, ನಿದ್ದೆ. ತಾವು ಕಾಣೆಯಾಗಿರುವುದು ಅವರೊಬ್ಬರಿಗೇ ಗೊತ್ತಿರಲಿಲ್ಲ. ಸರೋಜಳ ಮೇಲೆ ಊರು ಹೊರಿಸಿದ್ದನ್ನು ಕೇಳಿದಾಗ ಮಾತ್ರ ಮುಖ ಕೆಂಪಾಯಿತು.

‘ಆ ಹುಡುಗಿ ಎಂತ ಮಾಡಿದ್ಲು? ಅತ್ತೆ ಸೊಸೆ ಅಂದ್ಮೇಲೆ ಒಂದು ಮಾತು ಬರ್ತದೆ, ಒಂದು ಹೋಗ್ತದೆ. ನಾನೇನು ಕದ್ದು ಬಂದೆನಾ? ಹೇಳಿಯೇ ಬಂದೆ!’

‘ಹೋಗ್ತೀನಿ ಅಂದ್ರಂತಲ್ಲ’ ಎಂದೆ. ಆರು ದಿನದ ಬೇಗೆ ನನ್ನ ದನಿಯಲ್ಲಿತ್ತು. ‘ಬರ್ತೀನಿ ಅನ್ಬೇಕಿತ್ತಮ್ಮ! ಅದೊಂದು ಮಾತಿಂದ ಇಷ್ಟೆಲ್ಲ ಆಯ್ತು.’

ಚೌಡಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ಅಲ್ಲ ಮೇಷ್ಟ್ರೇ, ನೀವು ಪೇಟೆಗೆ ಬಂದೋರು ಸಂಜೆ ವಾಪಸ್ ಹೊರಡ್ತಾ ಎಂತ ಅಂತೀರಿ?’

‘ಮನೆಗೆ ಹೋಗ್ತೀನಿ ಅಂತೀನಿ.’

‘ನಾನೂ ಮನೆಗೆ ಹೊರಟಿದ್ದೆ. ಮತ್ತೆಂತ ಅನ್ಬೇಕಿತ್ತು? ನೀವು ಕನ್ನಡ ಮೇಷ್ಟ್ರು ಅಲ್ದಾ, ಹೇಳಿ.’

ನಾನು ಆ ಪಂಚಾಂಗದ ಅಂಚಿನಲ್ಲಿ ಕುಳಿತುಬಿಟ್ಟೆ. ಮೂರು ವರ್ಷ ಎದುರುಮನೆಯಲ್ಲಿ ಇದ್ದವರು. ದಿನಾ ‘ಕಾಫಿ ಆಯ್ತಾ’ ಎಂದು ಕೇಳಿದವರು. ಅದು ಅವರಿಗೆ ಇಳಿದುಕೊಂಡ ಜಾಗ, ಮನೆ ಇನ್ನೂ ಇಲ್ಲೇ ಇದೆ ಎಂದು ನನಗೆ ಒಂದು ದಿನವಾದರೂ ಹೊಳೆದಿತ್ತೇ? ಮುಳುಗಡೆ ಅಮ್ಮ ಎಂದು ದಿನಕ್ಕೆ ಹತ್ತು ಸಲ ಕರೆದ ನಮಗೆ, ಮುಳುಗಿದ್ದು ಏನು ಎಂದು ಕೇಳಬೇಕು ಅನ್ನಿಸಲಿಲ್ಲ. ನಾಚಿಕೆಯಾಯಿತು.

ಅಂದು ವಾಪಸು ಬಸ್ಸು ಇರಲಿಲ್ಲ. ಮೂವರೂ ಸೇರಿ ಒರಳು ಕಿತ್ತೆವು, ಅದನ್ನು ಗಾಡಿ ತಂದು ಒಯ್ಯುವುದೆಂದು ನೆರೆಮನೆಯ ಅಂಗಳಕ್ಕೆ ಉರುಳಿಸಿ ಇಟ್ಟೆವು. ಭಾನುವಾರ ಮೊದಲ ಬಸ್ಸಿಗೇ ಹೊರಟೆವು. ರುಬ್ಬುವ ಗುಂಡನ್ನು ಮಾತ್ರ ಚೌಡಮ್ಮ ಯಾರ ಕೈಗೂ ಕೊಡದೆ, ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ಅಣ್ಣ ಕೊಟ್ಟ ಗಡುವು ಆ ಭಾನುವಾರವೇ. ಬ್ರೇಕ್ ಹಾಕಿದಾಗಲೆಲ್ಲ ಡ್ರೈವರಿಗೆ ಶಾಪ ಹಾಕಿದೆ.

ಇಳಿದಾಗ ಸರೋಜ ಅಂಗಳದಲ್ಲಿ ನಿಂತಿದ್ದಳು. ಪಕ್ಕದಲ್ಲಿ ಅಣ್ಣ, ಅವನ ಕೈಯಲ್ಲಿ ಟ್ರಂಕು. ನೋಡಲು ಊರೆಲ್ಲ ನೆರೆದಿತ್ತು. ಚೌಡಮ್ಮನನ್ನು ಕಂಡದ್ದೇ ಜನ ಎರಡು ಹೆಜ್ಜೆ ಹಿಂದೆ ಸರಿದರು.

ಆಮೇಲೆ ಶುರುವಾಯಿತು ನೋಡಿ. ‘ನಾನು ಅವತ್ತೇ ಹೇಳ್ದೆ, ಆ ಹೆಣ್ಣು ಅಂಥೋಳಲ್ಲ ಅಂತ’ ಎಂದರು ಹಾಲು ನಿಲ್ಲಿಸಿದ ಹೋಟೆಲಿನವರು. ಅಂಜನದವನು ಗುಂಡಿನ ಕಡೆ ಬೆರಳು ತೋರಿಸಿ, ‘ನೀರು, ಕಲ್ಲು. ಅಂದಿರ್ಲಿಲ್ವಾ?’ ಎಂದ. ಸೇತುವೆಯ ಮೇಲೆ ಕಂಡವರು, ಘಾಟಿಯಲ್ಲಿ ಕಂಡವರು ಮಾತ್ರ ಅವತ್ತು ಕಾಣಲಿಲ್ಲ. ತಪ್ಪಾಯಿತು ಎಂದವರು? ಯಾರೂ ಇಲ್ಲ. ನನ್ನನ್ನೂ ಸೇರಿಸಿಕೊಳ್ಳಿ.

ಚೌಡಮ್ಮ ಗುಂಡುಕಲ್ಲನ್ನು ಸೊಸೆಯ ಎದುರು ಇಟ್ಟರು.

‘ತಗೊಂಡ್ಬನ್ನಿ ಅಂದ್ಯಲ್ಲ, ತಂದಿದೀನಿ. ಇನ್ನು ತರಿ ಬಂದ್ರೆ ನನ್ನ ಕೇಳು. ನೀನೆಲ್ಲಿಗೆ ಹೊರಟೆ?’

ಸರೋಜಳಿಗೆ ಇಷ್ಟು ದಿನ ತಡೆದಿದ್ದ ಅಳು ಈಗ ಬಂತು. ಅಣ್ಣ ನಿಧಾನವಾಗಿ ಹೇಳಿದ: ‘ಅಮ್ಮ, ನಿಮ್ಮ ಮೇಲೆ ನಂದೇನೂ ಇಲ್ಲ. ಅವಳ ಮುಖ ನೋಡಿ. ನಾಲ್ಕು ದಿನ ತವರಲ್ಲಿ ಇರ್ಲಿ.’ ಚೌಡಮ್ಮ ನೋಡಿದರು. ಸೆರಗಿನಿಂದ ಆ ಮುಖ ಒರೆಸಿದರು. ತಲೆ ತಗ್ಗಿಸಿ ನಿಂತಿದ್ದ ಮಗನ ಕಡೆಗೂ ಒಮ್ಮೆ ನೋಡಿದರು. ಆ ನೋಟಕ್ಕೆ ಮಂಜಪ್ಪ ಅಣ್ಣನ ಕೈಯಿಂದ ಟ್ರಂಕು ಇಸಿದುಕೊಂಡು ಹೆಗಲಿಗೆ ಇಟ್ಟುಕೊಂಡ.

‘ಆಯ್ತು. ಎಂಟು ದಿನ ಇದ್ದು ಬಾ’ ಎಂದರು ಚೌಡಮ್ಮ.

ಸರೋಜ ಬಗ್ಗಿ ಅತ್ತೆಯ ಕಾಲು ಮುಟ್ಟಿದಳು. ಎಲ್ಲರ ಕಿವಿ ಅವಳ ಬಾಯಿಯ ಕಡೆಗೆ. ಈಗ ಯಾವ ಮಾತು ಬರುತ್ತದೆ? ಅದನ್ನು ಕಾಯಲು ಊರಿಗೆ ಕಲಿಸಿದವನು ನಾನೇ ತಾನೇ?

‘ಬರ್ತೀನಿ ಅತ್ತೆ’ ಎಂದಳು. ಜನ ಉಸಿರು ಬಿಟ್ಟರು.

ರಸ್ತೆಗೆ ಹೋಗಲು ಅವರು ನಮ್ಮ ಶಾಲೆಯ ಜಗಲಿ ದಾಟಬೇಕು. ತಪ್ಪಾಯ್ತಮ್ಮ ಎನ್ನೋಣ ಎಂದು ನಾನು ಮೊದಲೇ ಹೋಗಿ ಕಂಬದ ಪಕ್ಕ ನಿಂತೆ. ಬುಧವಾರ ಅವಳು ನಿಂತಿದ್ದ ಅದೇ ಕಂಬ. ಆದರೆ ಬಾಯಲ್ಲಿ ಬಂದದ್ದು ‘ಹುಷಾರಮ್ಮ’ ಎಂಬ ಒಂದು ಪೆದ್ದು ಮಾತು. (ಅಂದು ಆಡಲಾರದ್ದನ್ನು ಇಲ್ಲಿ ಬರೆದಿದ್ದೇನೆ: ತಪ್ಪಾಯ್ತಮ್ಮ. ಈ ಪತ್ರಿಕೆ ನಿಟ್ಟೂರಿಗೂ ಹೋಗುತ್ತದೆ.)

ಸರೋಜ ನಿಂತಳು. ನನ್ನ ಮುಖವನ್ನು ನೇರವಾಗಿ ನೋಡಿದಳು.

‘ಹೋಗ್ತೀನಿ ಮೇಷ್ಟ್ರೇ.’

ಅತ್ತೆಗೆ ಒಂದು, ನನಗೆ ಒಂದು. ಎರಡರಲ್ಲಿ ಒಂದು ಮಾತನ್ನಾದರೂ ತಪ್ಪು ಎಂದು ಈ ಕನ್ನಡ ಮೇಷ್ಟ್ರು ತೋರಿಸಬಲ್ಲನೇ?